ಕೆನ್ನೆಗಿಟ್ಟ ಆಲೂಗಡ್ಡೆ

ನಮ್ಮ ಚಿಕ್ಕಮ್ಮ ಆಲೂಗಡ್ಡೆಯೊಂದನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದರೆ ಇಡೀ ಬೀದಿ ಉಸಿರು ಬಿಗಿಹಿಡಿಯುತ್ತದೆ. ಗಡ್ಡೆ ತನ್ನ ಕಷ್ಟಸುಖವನ್ನೆಲ್ಲ ಅವಳ ಕಿವಿಯಲ್ಲಿ ಉಸುರುತ್ತದೆ ಎಂಬುದು ಎದುರಿನ ದರ್ಜಿಯ ಸಿದ್ಧಾಂತ. ನೆಲದೊಳಗಿನ ಗಡ್ಡೆಗಳೂ ಅವಳ ಹೆಜ್ಜೆ ಸಪ್ಪಳಕ್ಕೆ ಎದ್ದು ಕೂರುತ್ತವೆ ಎನ್ನುವವರಿದ್ದಾರೆ. ಚಿಕ್ಕಪ್ಪನ ದೂರೇ ಬೇರೆ: "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಕೆನ್ನೆಗೆ ಆ ಭಾಗ್ಯ ಬರಲಿಲ್ಲ."

ಇಂಥ ಮಹಿಮಾವಂತೆಯ ಸಾಮ್ರಾಜ್ಯವೆಂದರೆ ಒಂದು ಒಲೆ, ಒಂದು ಬಾಣಲೆ, ಬೀದಿಗೆ ತೆರೆದ ಒಂದು ಕಿಟಕಿ. ಅರ್ಧ ಆಯುಷ್ಯ ಬೇರೆಯವರ ಬಾಣಲೆಯ ಮುಂದೆ ಬೆಂದು ಗೆದ್ದುಕೊಂಡದ್ದು. ಚಿಪ್ಸ್ ವ್ಯಾಪಾರ ಮಾತ್ರ ಕುಂಟುತ್ತಿತ್ತು. ಆಗಲೇ, ಮುಂದಿನ ತಿಂಗಳು ತೆರೆಯಲಿದ್ದ ಚಿತ್ರಮಂದಿರದ ತಿಂಡಿ ಮಳಿಗೆಯವನು ಬಂದ.

"ಬಂಗಾರದ ಬಣ್ಣ ಇದ್ರೆ ದಿನಾ ನಿಮ್ಮದೇ ಚಿಪ್ಸ್. ಕಪ್ಪಾದ್ರೆ ಬೇಡಮ್ಮ."

ಒಪ್ಪಿಗೆಯಾದರೆ ಬಾಣಲೆ ಉಳಿಯುತ್ತದೆ. ತಪ್ಪಿದರೆ ಚಿಕ್ಕಮ್ಮ ಮತ್ತೆ ಬೇರೆಯವರ ಒಲೆಯ ಮುಂದೆ.

ಅವಳ ತಮ್ಮ, ಅಂದರೆ ನನ್ನ ಮಾವ, ಕೋಲ್ಡ್ ಸ್ಟೋರೇಜಿನ ಉಸ್ತುವಾರಿ. ಅಕ್ಕನ ಮೂಟೆಗಳೆಂದು ಪ್ರೀತಿ ಉಕ್ಕಿ, ಅವನ್ನು ಬಿತ್ತನೆ ಗಡ್ಡೆಯ ಕೋಣೆಯಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ ಇಟ್ಟಿದ್ದ.

"ನೋಡಕ್ಕ, ಒಂದಕ್ಕಾದ್ರೂ ಮೊಳಕೆ ಬಂದಿದ್ಯಾ? ರಾಜಕುಮಾರಿಯರು!"

ಮೊದಲ ಹಿಡಿ ಹೋಳು ಎಣ್ಣೆಗೆ ಬಿತ್ತು. ರಾಜಕುಮಾರಿಯರು ಇದ್ದಿಲಾಗಿ ಎದ್ದರು. ಮಾವನ ಮುಖ ಅದಕ್ಕಿಂತ ಕಪ್ಪು.

"ಎಣ್ಣೆ ಸರಿ ಇಲ್ಲ ಅನ್ಸತ್ತೆ."

"ನಿನ್ನ ತಲೆ!" ಚಿಕ್ಕಮ್ಮ ಹಸಿ ಹೋಳೊಂದನ್ನು ಕಚ್ಚಿದಳು. "ಸಿಹಿ ಆಗಿದೆ ಕಣೋ. ಚಳಿ ವಿಪರೀತ ಆದ್ರೆ ಗಡ್ಡೆ ತನ್ನ ಹಿಟ್ಟನ್ನೇ ಸಕ್ಕರೆ ಮಾಡ್ಕೊಳ್ಳತ್ತೆ. ಆ ಸಕ್ಕರೆ ಬಾಣಲೆಗೆ ಬಿದ್ರೆ ಕಪ್ಪಾಗದೆ ಬೆಳ್ಳಗಾಗತ್ತಾ?"

"ಹಾಗಾದ್ರೆ ಎಲ್ಲಾ ಎಸೆಯೋದಾ?"

"ಬೆಚ್ಚಗಿಟ್ರೆ ಸಕ್ಕರೆ ಇಳಿಯತ್ತೆ ಅಂತಾರೆ. ಇಳಿಯತ್ತೋ, ನನ್ನ ಅಂಗಡಿ ಮುಳುಗತ್ತೋ ನೋಡೋಣ."

ಮಲಗುವ ಕೋಣೆಯನ್ನು ಗಡ್ಡೆಗಳು ಆಕ್ರಮಿಸಿದವು. ಹಾಸುವ ಮುಂಚೆ ಚಿಕ್ಕಮ್ಮ ಒಂದೊಂದನ್ನೂ ಹೆಬ್ಬೆರಳಿನಿಂದ ಉಜ್ಜಿದಳು. ಒಂದು ಮೂಟೆಯ ಗಡ್ಡೆಗಳ ಸಿಪ್ಪೆ ಈರುಳ್ಳಿ ಪೊರೆಯಂತೆ ಸುಲಿದು ಬಂತು.

"ಇದೂ ಅದೇ ಹೊಲದ್ದೇ ಅಕ್ಕ," ಎಂದ ಮಾವ.

"ಹೊಲ ಅದೇ, ಅವಸರ ಯಾರದ್ದೋ. ಬಲಿಯೋ ಮುಂಚೆ ಕಿತ್ತಿದ್ದಾರೆ. ಇದು ಬರೀ ಎಣ್ಣೆ ಕುಡಿಯತ್ತೆ, ಬಣ್ಣ ಬರಲ್ಲ. ಬೇಯಿಸಿ ತಿನ್ನೋಣ."

"ಮಂಚ ಹೋಯ್ತು. ಇನ್ನು ಮೂರು ಹೊತ್ತೂ ಇದೇ ಊಟ," ಎಂದು ಚಿಕ್ಕಪ್ಪ ಚಾಪೆ ಹಿಡಿದು ಅಡುಗೆಮನೆಗೆ ನಡೆದರು.

ಆಮೇಲೆ ಶುರುವಾದದ್ದು ತಪಸ್ಸು. ಚಿಕ್ಕಮ್ಮ ಗಡ್ಡೆಯನ್ನು ಕೆನ್ನೆಗಿಡುವಳು. ತಣ್ಣಗಿದ್ದರೆ ಗೋಣಿಚೀಲ ಹೊದಿಸುವಳು, ಬಿಸಿಯೆನಿಸಿದರೆ ಕಿಟಕಿ ತೆರೆಯುವಳು. ದಿನಕ್ಕೊಂದು ಗಡ್ಡೆ ಹೆರೆದು ಕರಿಯುವಳು. ಮೊದಮೊದಲು ಅದೇ ಇದ್ದಿಲು. ಆಮೇಲೆ ಅಂಚಿನಲ್ಲಿ ಕಂದು, ನಡುವೆ ತುಸು ಬೆಳಕು. ಆ ಬೆಳಕು ದಿನದಿನಕ್ಕೆ ಅಗಲವಾಗುತ್ತ ಹೋಯಿತು. ಗಿಡದಿಂದ ಕಿತ್ತು ತಿಂಗಳುಗಳಾದ ಮೇಲೂ, ಯಾರೂ ಕಾಣದ ಸಿಪ್ಪೆಯೊಳಗೆ ಗಡ್ಡೆ ಉಸಿರಾಡುತ್ತ, ಸಕ್ಕರೆಯಲ್ಲಿ ಒಂದಿಷ್ಟನ್ನು ಉರಿಸಿ, ಉಳಿದದ್ದನ್ನು ಮತ್ತೆ ಹಿಟ್ಟಾಗಿ ಕಟ್ಟುತ್ತಿತ್ತು. ಎಲ್ಲವನ್ನೂ ಗೇಲಿ ಮಾಡುವ ನಾನೂ ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗತೊಡಗಿದೆ.

ಮೂರನೆಯ ವಾರ ಮಳಿಗೆಯವನು ಬಂದು ಒಂದು ಚಿಪ್ಸನ್ನು ಬಿಸಿಲಿಗೆ ಹಿಡಿದ. ಅದರೊಳಗಿಂದ ಸೂರ್ಯ ಕಂಡ. ಮಾವ ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. ಮಳಿಗೆಯವನ ಬಾಯಲ್ಲಿ ಕರುಮ್ಮೆಂಬ ಸದ್ದು.

"ಶುಕ್ರವಾರದಿಂದ ಕಳಿಸಿಬಿಡಿ."

ಅವನು ತಿರುವು ದಾಟಿದ್ದೇ ತಡ, ಬೀದಿ ಕಿಟಕಿಗೆ ಮುತ್ತಿಕೊಂಡಿತು. ದರ್ಜಿ ನನ್ನನ್ನು ಮುಂದೆ ತಳ್ಳಿದ. ನಾನು ಕೈಮುಗಿದು ಕೇಳಿದೆ: "ಚಿಕ್ಕಮ್ಮ, ಇವತ್ತಾದ್ರೂ ಹೇಳಿಬಿಡು. ಕೆನ್ನೆಗಿಟ್ಟಾಗ ಅದು ಏನನ್ನತ್ತೆ?"

ಅವಳು ಬಾಣಲೆ ಉಜ್ಜುತ್ತಲೇ ಇದ್ದಳು.

"ಏನೂ ಅನ್ನಲ್ಲ ಕಣೋ. ಎಣ್ಣೆ ಸಿಡಿದೂ ಸಿಡಿದೂ ನನ್ನ ಬೆರಳಿಗೆ ಬಿಸಿ-ತಣ್ಣಗೆ ಗೊತ್ತಾಗಲ್ಲ. ಕೆನ್ನೆಗೆ ಗೊತ್ತಾಗತ್ತೆ."