ಅಕ್ಕನ ಹೆಬ್ಬೆಟ್ಟು, ನನ್ನ ಸಾಕ್ಷ್ಯ

2006ರ ಜೂನ್ 12, ಸೋಮವಾರ. ಆಧಾರ: ನನ್ನ ಆ ವರ್ಷದ ದಿನಚರಿ, ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಮರಳವಾಡಿ ಸಮೀಪದ ಅಕ್ಕನ ಮನೆಗೆ ಭೂಸ್ವಾಧೀನ ಕಚೇರಿಯ ನೌಕರನೊಬ್ಬ ನೋಟೀಸು ತಂದದ್ದು ಅಂದು. ಅಕ್ಕನ ಎರಡು ಎಕರೆ ಹಿಪ್ಪುನೇರಳೆ ತೋಟ ಕೈಗಾರಿಕಾ ಪ್ರದೇಶಕ್ಕೆ ಬೇಕಾಗಿತ್ತು. ಗಂಡನಿಲ್ಲದ ಆಕೆಗೆ ಆ ಸೊಪ್ಪೇ ಜೀವನ. ನಾನು ರಜೆಯಲ್ಲಿ ಅಲ್ಲಿದ್ದೆ.

ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳವು. ಆಗ ಹೊರಗಿನವರು ಯಾರೇ ಆಗಲಿ, ಚಪ್ಪಲಿ ಬಿಟ್ಟು, ಬಾಗಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದೇ ಹೊಸಿಲು ದಾಟಬೇಕು.

“ಏನಮ್ಮಾ, ಸರ್ಕಾರಿ ನೌಕರನ್ನೇ ಸುಣ್ಣ ತುಳಿಸ್ತೀಯಾ?” ಎಂದ ಆತ.

“ಹುಳಕ್ಕೆ ಸರ್ಕಾರ ಗೊತ್ತಾಗಕಿಲ್ಲ ಕಣಪ್ಪ, ರೋಗ ಗೊತ್ತಾಯ್ತದೆ. ಅಲ್ಲೇ ನಿಂತ್ಕಂಡು ಹೇಳು.”

ನೋಟೀಸು ಮುಟ್ಟದಿದ್ದರೆ ಜಮೀನು ಉಳಿಯುತ್ತದೆಂಬುದು ಊರಿನವರ ನಂಬಿಕೆಯಾಗಿತ್ತು. ಅಕ್ಕ ನನ್ನತ್ತ ತಿರುಗಿ, “ಹೆಬ್ಬೆಟ್ಟು ಒತ್ತುದ್ರೆ ಕೊಟ್ಟಂಗೇ ಅಲ್ವೇನೋ? ಪಕ್ಕದ್ಮನೆಯೋರು ಬಾಗ್ಲೇ ತೆಗೀಲಿಲ್ವಂತೆ” ಎಂದಳು. ಸ್ವೀಕರಿಸುವುದು ಬೇರೆ, ಒಪ್ಪುವುದು ಬೇರೆ. ಕಾನೂನಿಗೆ ತಲೆಬಾಗಿದವರಿಗೇ ಅದರ ರಕ್ಷಣೆ. ತಕರಾರಿಗೆ ಮೂವತ್ತು ದಿನ ಅವಕಾಶವಿದೆ ಎಂದು ವಿವರಿಸಿದೆ. ನನ್ನ ಮಾತಿನ ಮೇಲೆ ಹೆಬ್ಬೆಟ್ಟು ಒತ್ತಿದಳು. ತಕರಾರು ಅರ್ಜಿಯನ್ನು ನಾನೇ ಒಂದು ಪುಟದಲ್ಲಿ ಬರೆದು, ಅದನ್ನು ಕಚೇರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಬೇಕೆಂದು ಅಕ್ಕನಿಗೆ ಹೇಳಿ ಮೈಸೂರಿಗೆ ಮರಳಿದೆ.

ಊರಿನವರ ತಕರಾರುಗಳ ವಿಚಾರಣೆಗೆ ಅಕ್ಕನೊಡನೆ ನಾನೂ ಹೋಗಿದ್ದೆ. ಅದರ ದಿನಾಂಕ ನನ್ನಲ್ಲಿಲ್ಲ. ರಾಮನಗರದ ಜಿಲ್ಲಾ ಕಚೇರಿಯಲ್ಲಿ ನಡೆಯಿತೆಂದು ಬಹುಕಾಲ ಹೇಳುತ್ತಿದ್ದೆ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಅದು ತಪ್ಪು. ಕನಕಪುರವಿರಬೇಕು. ಅಕ್ಕನಿಂದ ಯಾವ ಅರ್ಜಿಯೂ ಬಂದಿಲ್ಲವೆಂದರು ಅಧಿಕಾರಿ.

“ಕೊಟ್ಟಿವ್ನಿ ಸ್ವಾಮಿ. ಸೀಲ್ ಒತ್ತಿ ಒಳಗಿಟ್ಕಂಡ್ರು.”

“ರಸೀದಿ?”

“ಕೇಳ್ದೆ. ಎಲ್ಲಾ ಸರಿಯಾಗೈತೆ ಹೋಗಮ್ಮ ಅಂದ್ರು.”

ಅಧಿಕಾರಿ ನನ್ನನ್ನು ನೋಡಿ, “ನೀವು ಓದಿದವರು. ಕೊಟ್ಟದ್ದು ನಿಮಗೆ ಗೊತ್ತೇ?” ಎಂದರು. ಗಡುವು ಮುಗಿದ ಮರುದಿನ ಆ ಅರ್ಜಿಯನ್ನು ಅಕ್ಕನ ಮನೆಯ ಗೋಡೆಗೂಡಿನಲ್ಲಿ ಕಂಡದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅಧಿಕಾರಿಯ ಮುಂದೆ ಸುಳ್ಳಾಡುವುದು ಅಪರಾಧವೆಂದು ತಿಳಿದವನು ನಾನು. ಕಂಡದ್ದನ್ನು ಹೇಳಿದೆ. ಅವರು ‘ತಕರಾರಿಲ್ಲ’ ಎಂದು ಬರೆದುಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕೇಳಿದಳು: “ನೀನು ಯಾರ ಕಡೆಯೋನ್ಲಾ?”

“ಕಾನೂನಿನ ಕಡೆ.”

“ಹಂಗಾರೆ ಅದ್ರ ಮನೆಗೇ ಹೋಗು. ಇವತ್ತು ಅದೇ ನಿಂಗೆ ಮುದ್ದೆ ಇಕ್ತದೆ.”

ತೋಟ ಹೋಯಿತು. ಅಕ್ಕ ಕಂಡವರ ತೋಟದಲ್ಲಿ ಸೊಪ್ಪು ಬಿಡಿಸುವ ಕೂಲಿಗೆ ಹೋದಳು. ಕಚೇರಿಯ ಗುಮಾಸ್ತನ ಮೇಲೆಯೂ ನನಗೆ ಸಂಶಯವಿತ್ತು. ಆದರೆ ಹೆಚ್ಚಿನ ಸಂಶಯ ಅಕ್ಕನ ಮೇಲೆ. ಹುಳು ಬಿಟ್ಟು ಹೊರಡಲು ಮನಸ್ಸಾಗದೆ ಅರ್ಜಿಯನ್ನು ಮನೆಯಲ್ಲೇ ಉಳಿಸಿಕೊಂಡು, ಆಮೇಲೆ ಸುಳ್ಳು ಹೇಳಿದಳೆಂದೇ ತೀರ್ಮಾನಿಸಿದ್ದೆ. ಕಂಡಾಗಲೆಲ್ಲ ಬೇರೆ ಬೇರೆ ರೀತಿಯಲ್ಲಿ ಅದನ್ನೇ ಕೇಳುತ್ತಿದ್ದೆ. ಕೊನೆಗೆ ಆಕೆ ಉತ್ತರಿಸುವುದನ್ನೇ ಬಿಟ್ಟಳು.

ಕಳೆದ ತಿಂಗಳು, ಆಕೆಯ ಸುಳ್ಳನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳಲೆಂದೇ, ಮಾಹಿತಿ ಹಕ್ಕಿನಡಿ ಬಂದ ಅರ್ಜಿಗಳನ್ನು ನಮೂದಿಸುವ ಕಚೇರಿಯ ಆವಕ ವಹಿಯ ನಕಲು ಪಡೆದೆ. 2006ರ ಜುಲೈ 5, ಬುಧವಾರ: ಅಕ್ಕನ ಹೆಸರು, ಸರ್ವೆ ನಂಬರು, ‘ತಕರಾರು ಅರ್ಜಿ, ಒಂದು ಪುಟ’. ಗಡುವಿಗೆ ಇನ್ನೂ ಏಳು ದಿನ ಉಳಿದಿದ್ದವು. ನಂತರ ಸೇರಿಸಿದ ನಮೂದೇ ಎಂದು ಹಿಂದುಮುಂದಿನ ಕ್ರಮಸಂಖ್ಯೆಗಳನ್ನು ಪರಿಶೀಲಿಸಿದೆ. ಎಲ್ಲಿಯೂ ಕ್ರಮ ತಪ್ಪಿಲ್ಲ.

ಅನಂತರವೇ ನನ್ನ ದಿನಚರಿಯ ಜುಲೈ ಪುಟಗಳನ್ನು ತೆರೆದೆ. ಒಂದರಿಂದ ಮೂವತ್ತೊಂದರವರೆಗೆ ಪ್ರತಿದಿನವೂ ನನ್ನದೇ ಅಕ್ಷರದಲ್ಲಿ ಮೈಸೂರಿನ ಕೆಲಸಗಳ ವಿವರವಿದೆ. ಆ ತಿಂಗಳು ನಾನು ಅಕ್ಕನ ಮನೆಗೆ ಹೋಗಿಯೇ ಇರಲಿಲ್ಲ.