ಕೆಂಟ್‌ನ ಡ್ರಮ್ ಮೇಷ್ಟ್ರು ಔರೇಲಿಯೊ

ಅಮೆರಿಕದ ಸಿಯಾಟಲ್ ಹತ್ತಿರದ ಕೆಂಟ್ ಊರಿನಲ್ಲಿ ಗೋದಾಮುಗಳ ಸಾಲು ಮುಗಿದು ಟ್ರಕ್ಕುಗಳು ತಿರುಗೋ ಮೂಲೇಲಿ ಒಂದು ಬಾಡಿಗೆ ಕೋಣೆ. ಶನಿವಾರ ಬೆಳಿಗ್ಗೆ ಅದರ ಮುಂದೆ ಹಾದರೆ ಎದೆಗೂಡೇ ನಡುಗುವಂಥ ಸದ್ದು. ಆ ಸದ್ದಿನ ಒಡೆಯರು ಔರೇಲಿಯೊ ಮೇಷ್ಟ್ರು.

ಹುಟ್ಟಿದ್ದು ಬ್ರೆಜಿಲ್ ದೇಶದ ರೆಸಿಫೆಯಲ್ಲಿ. ಅಪ್ಪ ಬಸ್ ಡ್ರೈವರ್. ಅಂಥ ಮನೇಲಿ ಡ್ರಮ್ ಎಲ್ಲಿಂದ ಬರಬೇಕು? ಹುಡುಗ ಬೆಂಕಿಪೊಟ್ಟಣದ ಮೇಲೇ ಬೆರಳಾಡಿಸುತ್ತ ಬೆಳೆದ, ಜಾಝ್ ತಂಡ ಸೇರಿದ, ತಂಡದ ಜೊತೆ ಸಿಯಾಟಲ್‌ಗೆ ಬಂದ. ಇಲ್ಲಿಯ ಚಳಿಮಳೆಗೆ ಹೆದರಿ ಮಿಕ್ಕವರು ವಾಪಸ್ ಹೊರಟರು, ಇವರು ಉಳಿದರು. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಕ್ಲಬ್ಬಿನಲ್ಲಿ ವಾದನ. ಹಾಗೇ ತಲೆ ಬೆಳ್ಳಗಾಯಿತು.

ಪಾಠದಲ್ಲಿ ವಿವರಣೆ ಗಿವರಣೆ ಇಲ್ಲ. ತಪ್ಪಿದವರ ಕೈಯಿಂದ ಕೋಲು ಇಸ್ಕೊಂಡು, "ಹೀಗೆ" ಅಂತ ಬಾರಿಸಿ ತೋರಿಸಿದರೆ ಮುಗೀತು. ಅಂಥವರಿಗೆ ಹೋದ ವರ್ಷ ಪಾರ್ಶ್ವವಾಯು ಹೊಡೆಯಿತು. ಎಡಗೈ ಮರಗಟ್ಟಿತು, ಎಡಗಾಲು ಎಳೆಯುವಂತಾಯಿತು. ತೋರಿಸೋ ಕೈಯೇ ಹೋದ ಮೇಲೆ ಮೇಷ್ಟ್ರಿಗೇನು ಕೆಲಸ? ಇವತ್ತೇ ಕಡೆ, ತರಗತಿ ಮುಚ್ಚೋದೇ ಸರಿ ಅಂತ ಮನಸ್ಸು ಗಟ್ಟಿಮಾಡಿಕೊಂಡು ಒಂದು ಶನಿವಾರ ಬಂದರು.

ದೊಡ್ಡ ಡ್ರಮ್ಮಿನ ಮುಂದೆ ಶಿಷ್ಯೆ ಕಮಲಾ ನಿಂತಿದ್ದರು. ಮಂಡ್ಯದ ಕಡೆಯವರು, ವಿಮಾನದ ರೆಕ್ಕೆ ವಿನ್ಯಾಸ ಮಾಡಿ ನಿವೃತ್ತರಾದ ಎಂಜಿನಿಯರ್. ಮೇಷ್ಟ್ರು ಕಲಿಸೋ ಬ್ರೆಜಿಲಿನ ಸಾಂಬಾ ತಾಳದಲ್ಲಿ ಮೊದಲ ಪೆಟ್ಟು ಮೆತ್ತಗೆ, ಭಾರವೆಲ್ಲ ಎರಡನೆಯದಕ್ಕೆ. ಕಮಲಾ ಮಾತ್ರ ಮೊದಲನೆಯದಕ್ಕೇ ಧಡಾರ್ ಅನ್ನಿಸೋರು.

"ಆಂಟಿ, ಮಂಗಳಾರತಿ ಆಯ್ತು, ಪ್ರಸಾದ ಕೊಡಿ!" ಅಂದ ಮಿಲ್ ಕ್ರೀಕ್ ಊರಿನಿಂದ ಪಾಠಕ್ಕೆ ಬರೋ ಹುಡುಗ ಯತೀಶ್.

"ಸುಮ್ನಿರೋ! ಮೇಷ್ಟ್ರೇ, ಚಿಕ್ಕಂದಿನಿಂದ ಭಜನೆ ಮಾಡಿದ ಕೈ ಇದು. ನಮ್ಮಲ್ಲಿ ಮೊದಲನೇ ಪೆಟ್ಟೇ ದೇವರಿಗೆ."

"ನಮ್ಮೂರ ದೇವರು ಸ್ವಲ್ಪ ಲೇಟು, ಡೋನಾ ಕಮಲಾ. ಎರಡನೇ ಪೆಟ್ಟಿಗೆ ಬರ್ತಾನೆ," ಅಂದರು ಮೇಷ್ಟ್ರು. ಅವರೂರಲ್ಲಿ ದೊಡ್ಡ ಹೆಂಗಸರನ್ನು ಹಾಗೇ ಕರೆಯೋದು.

ಎಲ್ಲರೂ ನಕ್ಕರು, ಕಮಲಾ ಕೈ ಮಾತ್ರ ತಿದ್ದಿಕೊಳ್ಳಲಿಲ್ಲ. ಮೇಷ್ಟ್ರು ತಡೆಯಲಾರದೆ ಕೋಲು ಇಸ್ಕೊಂಡರು. ಮೊದಲ ಪೆಟ್ಟನ್ನು ಅಡಗಿಸಲು ಎಡಗೈ ಡ್ರಮ್ಮಿನ ಚರ್ಮವನ್ನು ಅದುಮಬೇಕು. ಅದು ಜಾರಿತು. ಅವರ ಪೆಟ್ಟೂ ಧಡಾರ್ ಅಂತು.

ಕೋಲು ಇಟ್ಟು ಮೇಷ್ಟ್ರು ಹೊರಡಲೆಂದು ತಮ್ಮ ಕೋಟಿನ ಕಡೆ ನಡೆದರು. ಹಲಗೆ ನೆಲದ ಮೇಲೆ ಬಲಗಾಲು ಸದ್ದಿಲ್ಲದೆ, ಎಡಗಾಲು ಧಪ್. ಮೆತ್ತಗೆ, ಧಪ್. ಮೆತ್ತಗೆ, ಧಪ್. ಬೆನ್ನ ಹಿಂದೆ ಡ್ರಮ್ಮೂ ಹಾಗೇ ನುಡಿಯತೊಡಗಿತು.

ಅವರು ನಿಂತರು. ಡ್ರಮ್ಮೂ ನಿಂತಿತು.

"ಅಯ್ಯೋ, ನಿಲ್ಲಬೇಡಿ ಮೇಷ್ಟ್ರೇ! ಸಿಕ್ತು ನನಗೆ, ನಡೀತಾ ಇರಿ!" ಅಂದರು ಕಮಲಾ.

ಮೇಷ್ಟ್ರ ಕಿವಿ ಬಿಸಿಯಾಯಿತು. ಈ ಕುಂಟನ್ನು ಯಾರೂ ನೋಡದಿರಲಿ ಅಂತ ಎಲ್ಲರಿಗಿಂತ ಮುಂಚೆ ಬಂದು, ಎಲ್ಲರೂ ಹೋದ ಮೇಲೆ ಹೊರಡುತ್ತಿದ್ದವರು ಅವರು. ಆದರೆ ಕಮಲಾ ಮುಖದಲ್ಲಿ ಅಯ್ಯೋ ಪಾಪ ಇರಲಿಲ್ಲ, ಕಲಿಯೋ ಹಸಿವಿತ್ತು. ಮೇಷ್ಟ್ರು ಹೆಜ್ಜೆ ಹಾಕಿದರು. ಡ್ರಮ್ ಜೊತೆಗೂಡಿತು. ಒಂದು ಸುತ್ತು ಮುಗಿಯೋದರೊಳಗೆ ಯತೀಶನೂ ಹಾಗೇ ಕಾಲೆಳೆದುಕೊಂಡು ಅವರ ಹಿಂದೆ ಹೊರಟ, ಅವನ ಹಿಂದೆ ಇನ್ನುಳಿದವರು.

ಮೇಷ್ಟ್ರು ಬೆವರು ಒರೆಸಿಕೊಂಡರು. "ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ, ಜಾಗ ಸಾಲ್ತಿಲ್ಲ. ಮುಂದಿನ ಶನಿವಾರ ಒಬ್ಬರೂ ಮೆತ್ತನೆ ಶೂ ಹಾಕ್ಕೊಂಡು ಬರಕೂಡದು. ನನಗೆ ನಿಮ್ಮ ಕಾಲು ಕೇಳಿಸಬೇಕು."