ಕಂಕುಳಳತೆಯ ಕೊಡಲಿ

ಮೊನ್ನೆ ಮಗಳು ಅಡುಗೆಮನೆಯಲ್ಲೇ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚುತ್ತಾ ಕುಳಿತಿದ್ದಳು. ಸಾರಿನ ಒಗ್ಗರಣೆಯನ್ನೂ ಮೀರಿ ಆ ವಾಸನೆ ಮೂಗಿಗೆ ಬಡಿದಾಗ ಎದುರು ಫ್ಲ್ಯಾಟಿನ ಕಾಕಾ ನೆನಪಾದರು... ಅವರ ಬಾಗಿಲು ತೆರೆದಾಗಲೆಲ್ಲ ಇದೇ ವಾಸನೆ.

ಧಾರವಾಡದವರು, ನಿವೃತ್ತ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಕಟ್ಟಡಕ್ಕೆ ಬಂದಿದ್ದರು. ನಾವು ಮೈಸೂರಿನವರಾದರೂ ಅವರ ಕಡೆಯ ರೂಢಿಯಂತೆ ಕಾಕಾ ಎಂದೇ ಕರೆದೆವು. ಒಳ್ಳೆಯ ಮನುಷ್ಯರೇ. ಆದರೆ ಶುಕ್ರವಾರ ಸಂಜೆ ಹಳೇ ಕಂಬಳಿಯಲ್ಲಿ ಉದ್ದನೆಯದೇನನ್ನೋ ಸುತ್ತಿಕೊಂಡು ಲಿಫ್ಟ್ ಇಳಿಯುವವರನ್ನು, ಭಾನುವಾರ ಮೈಯೆಲ್ಲ ಹೊಗೆ ವಾಸನೆ ಹೊತ್ತು ಮರಳುವವರನ್ನು ನಂಬುವುದು ಹೇಗೆ? ರಾಯರ ದಯೆ, ನನ್ನ ಕಣ್ಣು ಚೆನ್ನಾಗಿವೆ. ಬಾಗಿಲ ಕಿಂಡಿಯಿಂದ ನೋಡುತ್ತಿದ್ದೆ.

"ಕಾಡಲ್ಲಿ ಕ್ಯಾಂಪ್ ಮಾಡ್ತಾರಂತೆ ಕಣೇ. ಸಸೆಕ್ಸ್ ಕಡೆ ಅವರ ಸ್ನೇಹಿತರ ಜಾಗವಂತೆ," ಎಂದರು ನಮ್ಮ ಯಜಮಾನರು.

"ಈ ವಯಸ್ಸಲ್ಲಿ? ಒಬ್ಬರೇ?"

"ಕಿಂಡಿ ಬಿಟ್ಟು ಬಾಗಿಲು ತೆಗೆದು ಕೇಳು."

ಕೇಳುವ ಮೊದಲೇ, ಆಯುಧಪೂಜೆಯ ದಿನ, ಕಂಬಳಿ ಸಮೇತ ಅವರೇ ಬಂದರು. "ನಮ್ಮ ಮನ್ಯಾಗ ಪೂಜಾ ಮಾಡೋರು ಯಾರದಾರ? ನಿಮ್ಮ ದೇವರ ಮುಂದ ಇಡು ತಂಗಿ." ಬಿಚ್ಚಿದರೆ, ಕಾವಿಗೆಲ್ಲ ಅಗಸೆ ಎಣ್ಣೆ ಹಚ್ಚಿದ ಕೊಡಲಿ! ಮಿಕ್ಸಿ, ಕಾರಿನ ಕೀ, ಲ್ಯಾಪ್‌ಟಾಪುಗಳ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದೆ.

"ಇಷ್ಟುದ್ದ ಯಾಕೆ ಕಾಕಾ? ಪುಟ್ಟದು ಸಿಗಲ್ವಾ?"

ಅವರು ಕೊಡಲಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ತೋಳು ಚಾಚಿದರು. ಕಾವಿನ ತುದಿ ಸರಿಯಾಗಿ ಕಂಕುಳಿಗೆ ಬಂತು. "ಕಾಡಿನ್ಯಾಗ ಮಲಗಾಂವಗ ಇದ ಅಳತಿ. ಇದಕ್ಕಿಂತ ದೊಡ್ಡದು ಮರಾ ಉರುಳಸಾಕ, ಹೊತ್ತ ಹೊತ್ತ ಬೆನ್ನ ಹೋಗ್ತದ. ಸಣ್ಣದನ್ನಂತೂ ನಂಬಬ್ಯಾಡ. ಉದ್ದ ಕಾವಿಂದು ಏಟು ತಪ್ಪಿದ್ರ ನೆಲಕ್ಕ ಬೀಳ್ತದ. ಗಿಡ್ಡದು ತಪ್ಪಿದ್ರ ಮೊಣಕಾಲಿಗೇ ಬರ್ತದ. ಎರಡೂ ಕೈಲೆ ಹಿಡಿಯೂ ಕೊಡಲಿನ ಖರೇ."

"ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ..."

"ಅದಕ್ಕ ನಾ ಒಬ್ಬಾಂವ ಹೋಗ್ತೀನಿ, ಕುಲಾ ಎಲ್ಲಾ ಮಗಳ ಮನ್ಯಾಗ ಬಿಟ್ಟು!"

ಹೀಗೆ ಕೆಲವು ವರ್ಷ ನಡೆಯಿತು. ಪೂಜೆಗೆ ಇಡುವುದು, ತೀರ್ಥ ಪ್ರಸಾದ ತೆಗೆದುಕೊಂಡು ಅಂದೇ ಒಯ್ಯುವುದು. ನಾನೂ ಕಿಂಡಿ ನೋಡುವುದನ್ನು ಕಡಿಮೆ ಮಾಡಿದ್ದೆ.

ಕೊನೆಯ ವರ್ಷ ಅವರು ತಂದದ್ದು ಮೊಳದುದ್ದವೂ ಇಲ್ಲದ ಹೊಸ ಕೈಗೊಡಲಿ. ಕಂಬಳಿಯಿಲ್ಲ, ಎಣ್ಣೆಯ ವಾಸನೆಯೂ ಇಲ್ಲ.

"ದೊಡ್ಡದೆಲ್ಲಿ ಕಾಕಾ?"

"ಭಾರ ಆತು. ಇದು ಚೀಲದಾಗ ಕೂಡತದ."

ನಂಬಬೇಡ ಎಂದವರೇ ನಂಬಿ ತಂದಿದ್ದಾರೆಯೇ? ನನ್ನ ಮನಸ್ಸಿನಲ್ಲಿ ಹುಳ ಹೊಕ್ಕಿತು. ಮಂಗಳಾರತಿ ಮುಗಿಸಿ ತೀರ್ಥ ಕೊಡಲು ಹೋದೆ. ಯಾವಾಗಲೂ ಬಲಗೈಯ ಕೆಳಗೆ ಎಡಗೈ ಆನಿಸಿ ಭಕ್ತಿಯಿಂದ ತೆಗೆದುಕೊಳ್ಳುತ್ತಿದ್ದವರು ಅಂದು ಬಲಗೈಯನ್ನಷ್ಟೇ ಚಾಚಿದರು. ಎಡಗೈ ಕೋಟಿನ ಜೇಬಿನಲ್ಲೇ ಇತ್ತು. ಪೊಂಗಲಿನ ತಟ್ಟೆಯನ್ನೂ ಒಂದೇ ಕೈಯಲ್ಲಿ ಹಿಡಿದು ನಿಂತೇ ಇದ್ದರು, ತಿನ್ನಲಾಗದೆ.

"ಕೊಡು ತಂಗಿ, ಟ್ರೇನಿಗೆ ಹೊತ್ತಾತು."

ನಾನು ದೇವರ ಮನೆಗೆ ಅಡ್ಡ ನಿಂತೆ. "ಪೂಜೆಗಿಟ್ಟದ್ದನ್ನ ವಿಜಯದಶಮಿ ತನಕ ಎತ್ತೋ ಹಾಗಿಲ್ಲ."

"ಹೋದ ವರ್ಷ ಅದ ದಿನಾ ಕೊಟ್ಟಿದ್ದಿ ಅಲ್ಲಾ?"

"ಹೋದ ವರ್ಷ ನಿಮ್ಮ ಎಡಗೈ ತೀರ್ಥಕ್ಕೆ ಬಂದಿತ್ತು, ಕಾಕಾ."

ಅವರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಮೆಲ್ಲಗೆ ಕುಳಿತುಬಿಟ್ಟರು. ಯಜಮಾನರು ಆಸ್ಪತ್ರೆಗೆ ಕರೆದೊಯ್ದರು. ಸಣ್ಣ ಸ್ಟ್ರೋಕ್ ಆಗಿ ಕೆಲವು ದಿನಗಳೇ ಕಳೆದಿದ್ದವಂತೆ, ದೊಡ್ಡದು ಯಾವಾಗ ಬೇಕಾದರೂ ಬರಬಹುದಿತ್ತಂತೆ. ಜೀವಮಾನವೆಲ್ಲ ಡಾಕ್ಟರಾಗಿದ್ದವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿದ್ದೂ, ಒಂಟಿಯಾಗಿ, ಆ ಗಿಡ್ಡ ಕೊಡಲಿ ಹಿಡಿದು ಕಾಡಿಗೆ ಹೊರಟಿದ್ದರೇ? ಈ ಅನುಮಾನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕಾಕಾ ಅವರ ಮಗಳು ಬಂದು ಅವರನ್ನು ಮ್ಯಾಂಚೆಸ್ಟರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಕಾಡು ಅಲ್ಲಿಗೆ ಮುಗಿಯಿತು. ಒಮ್ಮೆ ನಾನು ಫೋನ್ ಮಾಡಿದಾಗ, "ನೀ ಉಳಿಸಿದಿ ಅಂತ ಎಲ್ಲಾರೂ ಅಂತಾರ. ನನ್ನ ಯಾರ ಕೇಳಿದ್ರು?" ಎಂದರು. ನಗು ಇತ್ತೋ ಇಲ್ಲವೋ, ತಿಳಿಯಲಿಲ್ಲ... ಅವತ್ತು ದೀಪ ಹಚ್ಚಿ ಬಹಳ ಹೊತ್ತು ಕುಳಿತಿದ್ದೆ.

ಎರಡು ವರ್ಷದ ಮೇಲೆ ಹೋಗಿಬಿಟ್ಟರು, ನಿದ್ದೆಯಲ್ಲೇ. ಮಾತಾಡಿಸಲು ಹೋದಾಗ ಅವರ ಮಗಳು ಅರ್ಧಂಬರ್ಧ ಕನ್ನಡದಲ್ಲಿ ಹೇಳಿದಳು: "ಅಪ್ಪಾ ದಿನಾ ನಿಮ್ಮನ್ನ ಬೈತಿದ್ರು ಆಂಟಿ. ನಿಮ್ಮನ್ನ ಬೈಯಾಕ ಅಂತನ ಮುಂಜಾನೆ ಏಳ್ತಿದ್ರು."

ಅದೂ ರಾಯರ ದಯೆಯೇ ಎಂದು ಅಂದುಕೊಂಡಿದ್ದೇನೆ. ಈಗ ಎದುರು ಫ್ಲ್ಯಾಟಿಗೆ ಹೊಸಬರು ಬಂದಿದ್ದಾರೆ. ಒಳ್ಳೆಯವರ ಹಾಗೆ ಕಾಣುತ್ತಾರೆ, ಸಿಕ್ಕಾಗ ನಗುತ್ತಾರೆ. ಆದರೆ ಬೆಳಗಾಗೆದ್ದು ನನ್ನನ್ನು ಬೈಯುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ...